ದೊಡ್ಡಮ್ಮನಿಗೆ ಕೆಂಪು ಹಚ್ಚಿದ ಬೇಸಿಗೆ

ಹೋದ ತಿಂಗಳು ಕಡೂರಿನ ಫ್ರೇಮ್ ಅಂಗಡಿಯಲ್ಲಿ ನಾನು ಕೂಗಾಡಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು. ನಾನೇ ಬರೆದ ಹಳೆಯ ಚಿತ್ರವೊಂದಕ್ಕೆ ಕಟ್ಟು ಹಾಕಲು ಕೊಟ್ಟಿದ್ದೆ. ಕಟ್ಟೇನೋ ಚೆನ್ನಾಗಿಯೇ ಹಾಕಿದ್ದರು. ಚಿತ್ರವನ್ನು ಕೈಗೆ ತೆಗೆದುಕೊಂಡಾಗ ಗಪ್ಪೆಂದು ಒಂದು ವಾಸನೆ ಮೂಗಿಗೆ ಬಡಿಯಿತು. ರೆಡ್ ಆಕ್ಸೈಡ್. ತಿರುಗಿಸಿ ನೋಡಿದರೆ ಹಿಂದಿನ ಹಾರ್ಡ್‌ಬೋರ್ಡಿಗೆಲ್ಲ ಆ ಕೆಂಪು ಬಣ್ಣ ಬಳಿದಿದೆ.

“ಯಾರನ್ನ ಕೇಳಿ ಹಚ್ಚಿದ್ರಿ ಇದನ್ನ?” ಎಂದೆ.

“ಗೆದ್ಲು ಹಿಡೀಬಾರ್ದು ಅಂತ ಕಣಮ್ಮ. ಹಿಂದುಗಡೆ ಏನೋ ಗೀಚಿತ್ತು, ಒರೆಸ್ಬಿಟ್ಟು ನೀಟಾಗಿ ಹೊಡ್ದಿದೀನಿ. ಅದಕ್ಕೇನು ಕಾಸು ಕೊಡ್ಬೇಡಿ ಬಿಡಿ” ಎಂದರು ಅಂಗಡಿಯವರು, ಉಪಕಾರ ಮಾಡಿದವರ ಮುಖ ಮಾಡಿಕೊಂಡು.

ಅಷ್ಟೇ ಸಾಕಾಯಿತು ನನಗೆ. ಜೊತೆಗಿದ್ದ ಮಗಳು ನಾಚಿಕೆಯಿಂದ ಅತ್ತಿತ್ತ ನೋಡಿದಳು. “ಅಮ್ಮ, ಗೋಡೆ ಕಡೆ ಇರೋ ಭಾಗ ತಾನೆ? ಚಿತ್ರಕ್ಕೇನೂ ಆಗಿಲ್ವಲ್ಲ” ಎಂದಳು. ಚಿತ್ರಕ್ಕೆ ಏನೂ ಆಗಿರಲಿಲ್ಲ, ನಿಜ. ಆದರೆ ನಲವತ್ತು ವರ್ಷದ ಹಿಂದಿನ ಒಂದು ಬೇಸಿಗೆಯ ಸಿಟ್ಟು ಮತ್ತೆ ಎದ್ದು ಬಂದಿತ್ತು. ಅವಳಿಗೆ ಅದನ್ನು ಫುಟ್‌ಪಾತಿನಲ್ಲಿ ನಿಂತು ಹೇಗೆ ಹೇಳಲಿ? ಅದಕ್ಕೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಬೀರೂರಿನಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಟೈಪಿಂಗ್ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮನೆ ಅಜ್ಜಂಪುರ. ಬೆಳಿಗ್ಗೆ ಪ್ಯಾಸೆಂಜರಿನಲ್ಲಿ ಬಂದು ಸಂಜೆ ಪ್ಯಾಸೆಂಜರಿನಲ್ಲಿ ವಾಪಸು. ಇಡೀ ದಿನ ಸ್ಕೇಲಿನಿಂದ ಮೇಜು ಕುಟ್ಟಿ ತಾಳ ಹಾಕುವುದು, ಆ ತಾಳಕ್ಕೆ ಸರಿಯಾಗಿ ಮಕ್ಕಳು ಕೀಲಿ ಒತ್ತುವುದು. ಕೆಲಸ ಅಂದರೆ ಇಷ್ಟೇ. ನನ್ನ ಪ್ರಾಣ ಇದ್ದದ್ದು ಭಾನುವಾರದಲ್ಲಿ. ಅವತ್ತು ಹಿತ್ತಿಲಿನ ನುಗ್ಗೆಮರದ ಕೆಳಗೆ ಸ್ಟೂಲು ಹಾಕಿಕೊಂಡು ಚಿತ್ರ ಬರೆಯುತ್ತಿದ್ದೆ. ಯಾರೂ ಕಲಿಸಿದ್ದಲ್ಲ. ತರೀಕೆರೆಯ ಸ್ಟೇಷನರಿ ಅಂಗಡಿಯವರು ಶಿವಮೊಗ್ಗದಿಂದ ಬಣ್ಣದ ಟ್ಯೂಬುಗಳನ್ನು ತರಿಸಿಕೊಡುತ್ತಿದ್ದರು. ಅವನ್ನೂ ಟರ್ಪೆಂಟೈನ್ ಬಾಟಲಿಯನ್ನೂ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದರೆ ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ಬೇರೆ ಸೀಟು ಹುಡುಕುತ್ತಿದ್ದರು.

“ಹೆಸರು ನೋಡಿದ್ರೆ ಶಾಂತ. ಮುಟ್ಟಿದ್ರೆ ಸಿಡೀತಾಳೆ. ಮೈಯೆಲ್ಲಾ ಸೀಮೆಎಣ್ಣೆ ವಾಸ್ನೆ ಬೇರೆ. ಯಾವ್ ಗಂಡು ಬತ್ತಾನೆ ಇವ್ಳನ್ನ ನೋಡಕ್ಕೆ?” ಎಂದು ಅಮ್ಮ ರೊಟ್ಟಿ ತಟ್ಟುತ್ತ ಗೊಣಗುತ್ತಿದ್ದಳು. ಅದು ಸೀಮೆಎಣ್ಣೆಯಲ್ಲ, ಟರ್ಪೆಂಟೈನ್ ಎಂದು ಎಷ್ಟು ಸಲ ಹೇಳಿದರೂ ಅವಳಿಗೆ ಎಲ್ಲವೂ ಒಂದೇ.

ಸಂಜೆಯ ಗಾಡಿ ತಡವಾಗುವುದು ಮಾಮೂಲು. ಹಾಗೆ ಕಾಯುವಾಗ ಹಳಿಗಳ ಆಚೆಯ ರೈಲ್ವೆ ಕಾಲೊನಿಯಿಂದ ವಾರಕ್ಕೆರಡು ಸಲ ಒಂದು ಸದ್ದು ಕೇಳಿಬರುತ್ತಿತ್ತು. ಟಕ್ಕಟಕ್ ಟಕ್ಕಟಕ್ ಎಂದು ಓಡುವ ತಾಳ, ಅದರ ಮೇಲೆ ಗಿಟಾರ್, ಗಿಟಾರಿನ ಮೇಲೆ ಬಿಕ್ಕಳಿಸಿದ ಹಾಗೆ ಹಾಡುವ ಒಂದು ಗಂಡು ದನಿ. ಆ ತಾಳ ಕೇಳಿದ ಮೊದಲ ದಿನವೇ ನನ್ನ ಬೆರಳುಗಳು ಬೆಂಚಿನ ಮೇಲೆ ತಾವಾಗಿಯೇ ಟೈಪು ಮಾಡತೊಡಗಿದವು.

ಹಾಡುತ್ತಿದ್ದವರು ಬೀರೂರಿನಲ್ಲಿ ನಮ್ಮ ಪ್ಯಾಸೆಂಜರ್ ಹತ್ತುವ ಗಾರ್ಡ್ ಸಿರಿಲ್. ಆಂಗ್ಲೋ ಇಂಡಿಯನ್ ಮನುಷ್ಯ, ಕೂದಲಿಗೆ ಎಣ್ಣೆ ಹಚ್ಚಿ ಮುಂದಲೆಯಲ್ಲಿ ಗುಬ್ಬಚ್ಚಿ ಗೂಡಿನ ಹಾಗೆ ಎತ್ತಿ ನಿಲ್ಲಿಸುತ್ತಿದ್ದರು. ನಾನು ಟೈಪ್ ಹಾಳೆಯ ಹಿಂದೆ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ನೀರು ತುಂಬುವ ಕಂಬವನ್ನು ಬರೆಯುತ್ತ ಕೂತಿದ್ದನ್ನು ಒಂದು ದಿನ ನೋಡಿದರು.

“ಟೀಚರ್, ನೀರಿನ ಕಂಬ ಎಲ್ಲೋಗ್ತದೆ, ಇಲ್ಲೇ ಇರ್ತದೆ. ನಾವು ಇವತ್ತಿದ್ದು ನಾಳೆ ಹೋಗೋರು. ಬನ್ನಿ, ನಮ್ಮನ್ನ ಬರೀರಿ. ನನ್ನ ಹೆಂಡ್ತಿ ಮೇರಿನೂ ಅಲ್ಲೇ ಸ್ವೆಟರ್ ಹೆಣೀತಾ ಕೂತಿರ್ತಾಳೆ, ಹೆದರ್ಕೋಬೇಡಿ.”

ಅವರು ಬಾರಿಸುತ್ತಿದ್ದದ್ದು ಕಾಲೊನಿಯ ಹಳೆಯ ಕ್ಲಬ್ಬಿನ ಹಾಲಿನಲ್ಲಿ. ಅಮೆರಿಕದಿಂದ ಬಂದ ಆ ಬಗೆಯ ಹಾಡಿಗೆ ರಾಕಬಿಲ್ಲಿ ಅನ್ನುತ್ತಾರೆ ಎಂದು ನನಗೆ ಗೊತ್ತಾದದ್ದು ಅಲ್ಲೇ. ಡ್ರಮ್ ಇಲ್ಲ, ಡೋಲು ಇಲ್ಲ. ಇರುವುದು ಒಂದು ಗಿಟಾರ್ ಮತ್ತು ಆಳೆತ್ತರದ ಒಂದು ಪಿಟೀಲು. ಪಿಟೀಲನ್ನು ನೆಲದ ಮೇಲೆ ನಿಲ್ಲಿಸಿ, ಮಗ್ಗುಲಲ್ಲಿ ನಿಂತು, ತಂತಿಯನ್ನು ಎಳೆದು ಬಿಟ್ಟು, ಬಿಟ್ಟ ಕೈಯಿಂದಲೇ ತಂತಿಗಳ ಕೆಳಗಿನ ಪಟ್ಟಿಯ ಮೇಲೆ ಬಡಿಯುವುದು. ಎಳೆತಕ್ಕೆ ರಾಗ, ಬಡಿತಕ್ಕೆ ತಾಳ, ಎರಡೂ ಅದರಿಂದಲೇ. ಪ್ಲಾಟ್‌ಫಾರಂ ದಾಟಿ ನನ್ನ ಬೆರಳಿಗೆ ಬಂದು ಮುಟ್ಟುತ್ತಿದ್ದ ಟಕ್ಕಟಕ್ ಅದರದ್ದು. ಅದಕ್ಕೆ ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು.

ದೊಡ್ಡಮ್ಮನನ್ನು ಬಾರಿಸುತ್ತಿದ್ದವರು ಶಿವನಿ ಊರಿನ ರುದ್ರಪ್ಪ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಮೇಲೆ ಎಣ್ಣೆ ಮೆತ್ತಿದ ನೀಲಿ ಅಂಗಿ. ಗಾಡಿ ಬಂದು ನಿಂತಾಗ ಉದ್ದ ಹಿಡಿಯ ಸುತ್ತಿಗೆಯಿಂದ ಚಕ್ರಗಳನ್ನು ಬಡಿದು ಸದ್ದು ಕೇಳುವುದು ಅವರ ನೌಕರಿ. ಚಕ್ರ ಗಟ್ಟಿಯಿದ್ದರೆ ಠಣ್ ಅನ್ನುತ್ತದೆ, ಬಿರುಕು ಬಿಟ್ಟಿದ್ದರೆ ಡಬ್ ಅನ್ನುತ್ತದೆ. ಡಬ್ ಅಂದ ಡಬ್ಬಿಯ ಮೇಲೆ ಅವರು ಜೇಬಿನ ಸೀಮೆಸುಣ್ಣ ತೆಗೆದು ‘ಸಿಕ್’, ಅಂದರೆ ಕಾಯಿಲೆ, ಎಂದು ಬರೆದರೆ ಆಯಿತು, ಅದು ರಿಪೇರಿ ಆಗಿ ‘ಫಿಟ್’ ಎಂದು ಬರೆಸಿಕೊಳ್ಳುವವರೆಗೆ ಸ್ಟೇಷನ್ ಮಾಸ್ಟರೂ ಅದನ್ನು ಕದಲಿಸುವಂತಿಲ್ಲ. ಆ ಅಭ್ಯಾಸ ಅವರಿಗೆ ಎಷ್ಟು ಅಂಟಿತ್ತೆಂದರೆ ಟೀ ಲೋಟ, ಕುರ್ಚಿ, ಹಲಸಿನ ಹಣ್ಣು ಏನು ಸಿಕ್ಕಿದರೂ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿಯೇ ಮುಂದಿನ ಮಾತು.

ದೊಡ್ಡಮ್ಮ ಯಾರ ಸ್ವತ್ತೂ ಅಲ್ಲ. ಹಿಂದೆ ಕಾಲೊನಿಯಲ್ಲಿದ್ದ ಯಾವುದೋ ಕುಟುಂಬ ದೇಶ ಬಿಟ್ಟು ಹೋಗುವಾಗ ಹಾಲಿನ ಮೂಲೆಯಲ್ಲಿ ಬಿಟ್ಟುಹೋಗಿತ್ತಂತೆ. ರುದ್ರಪ್ಪ ಒಂದು ಸಲ ತಟ್ಟಿ ನೋಡಿ, ಸದ್ದಿಗೆ ಸೋತು, ಸಿರಿಲ್ಲರಿಂದ ಬಾರಿಸುವುದು ಕಲಿತು ಇಪ್ಪತ್ತು ವರ್ಷದಿಂದ ಜೋಪಾನ ಮಾಡಿದ್ದರು. ತಂತಿ ಬಿಗಿಯುವ ಕಿವಿಯೊಂದು ಮುರಿದಿದ್ದಕ್ಕೆ ಬೀಟೆ ಮರದಲ್ಲಿ ಬೇರೆಯದನ್ನು ಕೆತ್ತಿಸಿ ಹಾಕಿದ್ದರು. ಇಂಗ್ಲಿಷ್ ಹಾಡುಗಳ ಜೊತೆಗೆ ಅವರೇ ಕಟ್ಟಿದ ಕನ್ನಡ ಹಾಡುಗಳೂ ಇದ್ದವು. ಸಿರಿಲ್ ಬಿಕ್ಕಳಿಸುತ್ತ ಹಾಡುತ್ತಿದ್ದರು:

ಬೀರೂರ್ ಜಂಕ್ಷನ್ ಬಿಟ್ಟ ಗಾಡಿ
ಅಜ್ಜಂಪುರಕ್ಕೆ ಬರ್ಲೇ ಇಲ್ಲ,
ಈರುಳ್ಳಿ ಚೀಲದ್ ಮ್ಯಾಲೆ ಕೂತೆ
ಕಣ್ಣಲ್ ನೀರು ನಿಲ್ಲಲೇ ಇಲ್ಲ!

ಆ ‘ಇಲ್ಲ’ ಅನ್ನುವಲ್ಲಿ ದೊಡ್ಡಮ್ಮ ಎರಡು ಸಲ ಟಕ್ಕಟಕ್ ಎನ್ನುವಾಗ ಕಿಟಕಿಯ ಗಾಜು ಅದುರುತ್ತಿತ್ತು. ನನಗಂತೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆ ಸಂಗೀತವನ್ನು ನಾನು ಪ್ರೀತಿಸಿದಷ್ಟು ಆಮೇಲೆ ಯಾವುದನ್ನೂ ಪ್ರೀತಿಸಿಲ್ಲ, ಹೇಳಿಬಿಡುತ್ತೇನೆ.

ಶಿವರಾತ್ರಿ ಕಳೆದ ಮೇಲೆ ಒಂದು ದೊಡ್ಡ ಹಾರ್ಡ್‌ಬೋರ್ಡಿನ ಮೇಲೆ ಅವರ ಚಿತ್ರ ಶುರುಮಾಡಿದೆ. ಸಂಜೆ ಹಾಲಿನಲ್ಲಿ ಕೂತು ಗುರುತು ಹಾಕಿಕೊಳ್ಳುವುದು, ಭಾನುವಾರ ಹಿತ್ತಿಲಲ್ಲಿ ಬಣ್ಣ ಹಚ್ಚುವುದು. ಸಿರಿಲ್ಲರ ಕೂದಲು ಒಂದೇ ವಾರಕ್ಕೆ ಮುಗಿಯಿತು. ರುದ್ರಪ್ಪನವರ ವಿಭೂತಿಯೂ ಸುಲಭವಾಗಿ ಬಂತು. ನನ್ನನ್ನು ಅಳಿಸಿದ್ದು ದೊಡ್ಡಮ್ಮನ ಬಣ್ಣ. ದೂರದಿಂದ ಹಳೆಯ ಬೆಲ್ಲ, ಹತ್ತಿರ ಹೋದರೆ ಜೇನುತುಪ್ಪ, ಬಲಗೈ ತಾಗುವ ಕಡೆ ಹುಣಿಸೆಹಣ್ಣಿನ ಕಪ್ಪು, ಬಡಿದು ಬಡಿದು ಸವೆದ ಪಟ್ಟಿಯಲ್ಲಿ ಬೂದು. ಬೀರೂರಿನ ಬಿಸಿಗಾಳಿ ಇಂಜಿನ್ನಿನ ಮಸಿಯನ್ನು ತಂದು ಒಣಹಾಕಿದ ಬಟ್ಟೆಗೆಲ್ಲ ಮೆತ್ತುತ್ತಿದ್ದ ಆ ಬೇಸಿಗೆಯಲ್ಲಿ ನಾನು ಹಚ್ಚಿದ್ದು, ಕೆರೆದದ್ದು, ಮತ್ತೆ ಹಚ್ಚಿದ್ದು ಆ ಒಂದು ಕಂದು ಬಣ್ಣವನ್ನೇ. ಕೊನೆಗೆ ಒಂದು ಭಾನುವಾರ ಬಂತು. ಅಮ್ಮ ಹೊರಗೆ ಬಂದು ನೋಡಿ, “ಇದೇನೇ ಇದು, ಮುಟ್ಟಿದ್ರೆ ಕೈಗಂಟ್ತದೇನೋ ಅನ್ನಂಗೈತೆ” ಎಂದಳು. ಅಮ್ಮನ ಬಾಯಿಂದ ನಾನು ಕೇಳಿದ ಒಂದೇ ಒಂದು ಹೊಗಳಿಕೆ ಅದು.

ಅಷ್ಟರಲ್ಲಿ ರೈಲ್ವೆಯ ದೊಡ್ಡ ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬರುವ ಸುದ್ದಿ ಹಬ್ಬಿತು. ಸಾಹೇಬರು ಬರುತ್ತಾರೆಂದರೆ ಆ ಕಾಲದಲ್ಲಿ ಏನಾಗುತ್ತಿತ್ತು ಎಂದು ಕಂಡವರಿಗೇ ಗೊತ್ತು. ಅಲುಗಾಡದ ಎಲ್ಲದಕ್ಕೂ ಸುಣ್ಣ, ಅಲುಗಾಡುವುದನ್ನು ಹಿಡಿದು ನಿಲ್ಲಿಸಿ ಕೆಂಪು. ಮರದ ಬುಡಕ್ಕೆ, ದಾರಿ ಬದಿಯ ಕಲ್ಲಿಗೆ, ಒಡೆದ ಕುಂಡಕ್ಕೆ, ಎಲ್ಲಕ್ಕೂ ಬಳಿಯುವುದು. ಕೆಟ್ಟಿದ್ದನ್ನು ರಿಪೇರಿ ಮಾಡುವವರು ಯಾರೂ ಇಲ್ಲ. ಕ್ಲಬ್ಬಿನ ಛಾವಣಿ ಸೋರುತ್ತಿತ್ತು, ಅದನ್ನು ಹಾಗೇ ಬಿಟ್ಟು ಸೋರಿದ ಕಲೆಗೆ ಸುಣ್ಣ ಹೊಡೆದರು.

ಕ್ಲಬ್ಬಿನ ಸೆಕ್ರೆಟರಿ ವಾಸುದೇವಯ್ಯ ಎಂಬವರು. ಒಳ್ಳೆಯ ಮಾತಿನ, ನಗುಮುಖದ ಮನುಷ್ಯ. ಅದೇ ಇನ್ನೂ ಸಿಟ್ಟು ಬರಿಸುವ ವಿಷಯ. ಅವರೇ ಕರೆದು, “ಸಾಹೇಬ್ರ ಮುಂದೆ ಒಂದೆರಡು ಹಾಡು ಬಾರಿಸ್ರಪ್ಪ. ಅವತ್ತು ಊರಿನವ್ರಿಗೂ ಬಾಗಿಲು ತೆಗೆಸ್ತೀನಿ. ಟೀಚರಮ್ಮ, ನಿಮ್ಮ ಚಿತ್ರನೂ ಗೋಡೆಗೆ ಹಾಕೋಣ” ಎಂದಿದ್ದರು. ರುದ್ರಪ್ಪನವರ ಹೆಂಡತಿ ಗಂಗಮ್ಮ ಗಂಡ ಬಾರಿಸುವುದನ್ನು ಒಮ್ಮೆಯೂ ಕೇಳಿರಲಿಲ್ಲ. ಕ್ಲಬ್ಬಿಗೆ ಕಾಲೊನಿಯ ಹೊರಗಿನವರು ಬರುವಂತಿರಲಿಲ್ಲ; ನಾನು ಸಿರಿಲ್ಲರ ಅತಿಥಿಯೆಂದು ನುಸುಳಿದವಳು. ಗಂಗಮ್ಮ ಇದ್ದದ್ದು ಶಿವನಿಯಲ್ಲಿ, ಹೊಲ ಮನೆ ನೋಡಿಕೊಂಡು. “ಇಪ್ಪತ್ತು ವರ್ಸದಿಂದ ಎಲ್ಲಿಗೋಗ್ತೀಯ ಅಂತ ಬೈತಾಳೆ. ಒಂದಿನ ಕೇಳ್ಸಿಬಿಟ್ರೆ ಬಾಯ್ ಮುಚ್ಕಂತಾಳೆ” ಎಂದು ರುದ್ರಪ್ಪ ನಕ್ಕರು. ಆದರೆ ಆ ವಾರವೆಲ್ಲ ಅವರ ಕಾಲು ನೆಲದ ಮೇಲಿರಲಿಲ್ಲ.

ಇನ್‌ಸ್ಪೆಕ್ಷನ್ನಿನ ಹಿಂದಿನ ದಿನ ಸಂಜೆ ನಾನು ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ಹಿಡಿದುಕೊಂಡು ಹಾಲಿಗೆ ಹೋದೆ. ಬಾಗಿಲಲ್ಲೇ ಆ ವಾಸನೆ. ಒಳಗೆ ಸೆಕ್ರೆಟರಿಯ ಪಕ್ಕ ರುದ್ರಪ್ಪ ಮೂಲೆಯನ್ನೇ ನೋಡುತ್ತ ನಿಂತಿದ್ದರು.

ಮೂಲೆಯಲ್ಲಿ ಬೆಂಕಿ ನಂದಿಸುವ ಮರಳಿನ ಬಕೆಟ್ಟುಗಳ ಸಾಲು ಇತ್ತು. ಅವಕ್ಕೆ ಕೆಂಪು ಹೊಡೆಯುವುದು ಪದ್ಧತಿ. ಆ ಸಾಲಿನ ಕೊನೆಯಲ್ಲಿ ದೊಡ್ಡಮ್ಮ ನಿಂತಿದ್ದಳು. ಬಕೆಟ್ಟುಗಳನ್ನು ಮುಗಿಸಿದವರು ಬ್ರಷ್ ಎತ್ತದೆ ಅವಳನ್ನೂ ಮುಗಿಸಿದ್ದರು. ಹೊಟ್ಟೆ, ಬೆನ್ನು, ಕತ್ತು, ಸದ್ದು ಹೊರಬರುವ ಎರಡು ಸೀಳು, ತಂತಿಗಳ ಸಮೇತ. ಮೇಲಿನಿಂದ ಬಿಳಿಯ ಬಣ್ಣದಲ್ಲಿ ಒಂದು ನಂಬರು. ಬಕೆಟ್ಟುಗಳ ನಂತರದ ನಂಬರು.

“ಯಾರ್ನ ಕೇಳಿ ಹಚ್ಚಿದ್ರಿ?” ರುದ್ರಪ್ಪ ಸೆಕ್ರೆಟರಿಯನ್ನು ಕೇಳಿದರು. ದನಿ ಏರಿರಲಿಲ್ಲ.

“ಹಳೇದಾಗಿ ಮಾಸಿತ್ತಲ್ಲ ರುದ್ರಪ್ಪ. ಚೆನ್ನಾಗಿ ಕಾಣ್ಲಿ ಅಂತ ನಾನೇ ಹೇಳಿ ಹೊಡೆಸ್ದೆ. ಈಗ ನೋಡಿ, ಹೊಸದ್ರ ಥರ ಇದೆ” ಎಂದರು ವಾಸುದೇವಯ್ಯ. ಅವರಿಗೆ ನಿಜವಾಗಿಯೂ ಹಾಗೇ ಕಾಣುತ್ತಿತ್ತು.

ರುದ್ರಪ್ಪ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿದರು. ಡಬ್. ಕೆಳಗೆ ತಟ್ಟಿದರು. ಡಬ್. ಹಸಿ ಬಣ್ಣ ಬೆರಳಿಗೆ ಅಂಟಿತು. ತಂತಿಯನ್ನು ಎಳೆದು ಬಿಟ್ಟರು. ಹಸಿ ಮಣ್ಣಿನ ಮೇಲೆ ಚಪ್ಪಲಿ ಬಿದ್ದ ಹಾಗೆ ಒಂದು ಸದ್ದು ಬಂತು. ಜೇಬಿನಿಂದ ಸೀಮೆಸುಣ್ಣ ತೆಗೆದು, ಬಣ್ಣ ಆರಿದ್ದ ಕಡೆ ದಪ್ಪಕ್ಷರದಲ್ಲಿ ಬರೆದರು: ಸಿಕ್.

“ಇದನ್ನ ಯಾರೂ ಮುಟ್ಟಂಗಿಲ್ಲ” ಎಂದರು.

“ಅಯ್ಯೋ, ಸಾಹೇಬ್ರು ಬರೋ ಹೊತ್ತಲ್ಲಿ ಇದೇನ್ರೀ ಗೋಡೆ ಬರಹ!” ವಾಸುದೇವಯ್ಯ ಒದ್ದೆ ಬಟ್ಟೆ ತರಿಸಿ, ನಗುತ್ತಲೇ, ಅದನ್ನು ಒರೆಸಿಹಾಕಿದರು. ಸಾವಿರಾರು ಟನ್ನಿನ ಗೂಡ್ಸ್ ಗಾಡಿಯನ್ನು ನಿಲ್ಲಿಸುತ್ತಿದ್ದ ಅಕ್ಷರ ಅದು. ರುದ್ರಪ್ಪನವರ ಮುಖವನ್ನು ನಾನು ಅವತ್ತು ನೋಡಬಾರದಿತ್ತು.

ನಾನು ಟರ್ಪೆಂಟೈನ್ ತರುತ್ತೇನೆ, ಈ ರಾತ್ರಿಯೇ ಒರೆಸಿದರೆ ಅರ್ಧವಾದರೂ ಬಿಡುತ್ತದೆ, ನಾಳೆಗೆ ಒಣಗಿ ಮರ ಕುಡಿದುಬಿಡುತ್ತದೆ ಎಂದೆ. ಆಗ ಸೆಕ್ರೆಟರಿಯ ನಗು ಸ್ವಲ್ಪ ಕಡಿಮೆಯಾಯಿತು. “ನೋಡಿಮ್ಮ, ಇಷ್ಟು ದಿನ ಅದು ಯಾರದ್ದೂ ಆಗಿರ್ಲಿಲ್ಲ. ಈಗ ನಂಬರ್ ಬಿದ್ದಿದೆ, ಕ್ಲಬ್ಬಿನ ಸ್ವತ್ತು. ಬಣ್ಣ ಕೆರೆದ್ರೆ ಸ್ವತ್ತಿಗೆ ಹಾನಿ ಮಾಡಿದ ಹಾಗಾಗ್ತದೆ.”

ಕೇಳಿದಿರಾ? ಕೊಂದದ್ದು ಹಾನಿಯಲ್ಲ, ಬದುಕಿಸಲು ಹೋದರೆ ಹಾನಿ! ಆ ಮಾತು ನೆನಪಾದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ಚಿತ್ರದ ಮೇಲಿನ ಸೀರೆ ಸರಿಸಿ ನೋಡಿದರು. ತಲೆ ಆ ಕಡೆ ಈ ಕಡೆ ವಾಲಿಸಿದರು. “ಭಾರಿ ಚೆನ್ನಾಗಿದೆ. ಆದ್ರೆ ಇದ್ರಲ್ಲಿ ಕಂದು, ಅಲ್ಲಿ ಕೆಂಪು. ಸಾಹೇಬ್ರು ಕೇಳಿದ್ರೆ ಏನ್ ಹೇಳೋದು? ಬ್ರಷ್ ಇಲ್ಲೇ ಇದೆ, ಬಣ್ಣನೂ ಮಿಕ್ಕಿದೆ. ಎರಡು ನಿಮಿಷದ ಕೆಲ್ಸ, ಚಿತ್ರದಲ್ಲೂ ಕೆಂಪು ಹಚ್ಚಿಬಿಡಿ.”

ಒಂದು ಇಡೀ ಬೇಸಿಗೆ! ಹಿತ್ತಿಲಿನ ಬಿಸಿಲಲ್ಲಿ ಕೂತು ಕೆರೆದು ಕೆರೆದು ಹಿಡಿದ ಬಣ್ಣ! ಅವತ್ತು ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ಹೆಂಗಸರು ಕ್ಲಬ್ಬಿನಲ್ಲಿ ಅನ್ನುವಂಥ ಮಾತುಗಳಾಗಿರಲಿಲ್ಲ ಎಂದು ಮೇರಿ ಆಂಟಿ ಆಮೇಲೆ ಹೇಳಿದರು. ಹಾಗೆ ಹೇಳುತ್ತ ನನ್ನ ಬೆನ್ನು ತಟ್ಟಿದರು. ಕೊನೆಯ ಮಾತು ಮಾತ್ರ ನೆನಪಿದೆ: “ನಿಮ್ ಸಾಹೇಬ್ರ ಕಣ್ಣಿಗೇ ಕೆಂಪು ಹಚ್ಕೊಳ್ರಿ, ಎಲ್ಲಾ ಸರಿಯಾಗಿ ಕಾಣ್ತದೆ!” ಚಿತ್ರವನ್ನು ಎತ್ತಿಕೊಂಡು ಹೊರಟೆ. ಸಂಜೆಯ ಗಾಡಿಯ ಡಬ್ಬಿಗಳಲ್ಲಿ ಜನ ತುಂಬಿತ್ತು, ಅದು ಹಿಡಿಸಲಿಲ್ಲ. ಸಿರಿಲ್ ತಮ್ಮ ಗಾರ್ಡ್ ಡಬ್ಬಿಯಲ್ಲಿ ಅದನ್ನು ನಿಲ್ಲಿಸಿಕೊಂಡು, ಅಜ್ಜಂಪುರದವರೆಗೆ ಒಂದು ಕೈಯಿಂದ ಹಿಡಿದೇ ಬಂದರು.

ಮಾರನೆಯ ದಿನ ಸಾಹೇಬರು ಬಂದರು. ಎಳನೀರು ಕುಡಿಯುವಷ್ಟು ಹೊತ್ತು ಹಾಲಿನಲ್ಲಿ ನಿಂತಿದ್ದರಂತೆ. ಹಾಡೂ ಕೇಳಲಿಲ್ಲ, ಚಿತ್ರವನ್ನೂ ಕೇಳಲಿಲ್ಲ. ಕೆಂಪು ಮೂಲೆಯನ್ನು ನೋಡಿ, ನಿರ್ವಹಣೆ ಬಹಳ ಚೆನ್ನಾಗಿದೆ ಎಂದು ಹೊಗಳಿ ಹೊರಟರಂತೆ. ರುದ್ರಪ್ಪನವರಿಗೆ ಅವತ್ತು ಡ್ಯೂಟಿ ಬಿದ್ದಿತ್ತು. ಸಾಹೇಬರ ಸ್ಪೆಷಲ್ ಗಾಡಿಯ ಚಕ್ರಗಳನ್ನು ಬಡಿದು ನೋಡುವ ಡ್ಯೂಟಿ. “ಎಲ್ಲಾ ಠಣ್ ಅಂದ್ವು ಟೀಚರಮ್ಮ. ಒಂದಾದ್ರೂ ಡಬ್ ಅಂದಿದ್ರೆ ಇಲ್ಲೇ ನಿಲ್ಲಿಸ್ಕಂಡಿರ್ತಿದ್ದೆ” ಎಂದರು. ಗಂಗಮ್ಮ ಹೊಸ ಸೀರೆಯುಟ್ಟು ಶಿವನಿಯಿಂದ ಬಂದವರು ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತಿದ್ದು ಮಧ್ಯಾಹ್ನದ ಗಾಡಿಗೆ ಮನೆಗೆ ಹಿಂತಿರುಗಿದರು.

ಆಮೇಲೆ ಸಿರಿಲ್ ಒಂದೆರಡು ಸಂಜೆ ಒಬ್ಬರೇ ಗಿಟಾರ್ ಹಿಡಿದರು. ತಾಳವಿಲ್ಲದೆ ಹಾಡು ಮೇಲೇಳಲಿಲ್ಲ. ಮಳೆ ಹಿಡಿಯುವ ಮೊದಲೇ ರಿಟೈರಾಗಿ ಮಗಳ ಊರಿಗೆ ಹೊರಟುಹೋದರು. ದೊಡ್ಡಮ್ಮ ಆ ಮೂಲೆಯಲ್ಲೇ ಇದ್ದಳು. ಸೋರುವ ಛಾವಣಿಯ ನೀರು ಬಿದ್ದು ಅಂಟು ಬಿಟ್ಟು ಬೆನ್ನು ಬಾಯ್ತೆರೆಯಿತು. ನಂಬರು ಮಾತ್ರ ಕೊನೆಯವರೆಗೂ ಅಚ್ಚುಕಟ್ಟಾಗಿತ್ತು.

ಆ ವರ್ಷ ಈರುಳ್ಳಿ ಕೀಳುವ ಕಾಲದಲ್ಲಿ, ಅಜ್ಜಂಪುರದ ಬೀದಿಯೆಲ್ಲ ಅದೇ ಘಾಟು ತುಂಬಿದ್ದಾಗ, ಒಂದು ಭಾನುವಾರ ರುದ್ರಪ್ಪ ಗಂಗಮ್ಮನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. “ಇವ್ಳಿಗೆ ತೋರ್ಸೋಣ ಅಂತ. ಕೇಳ್ಸಕ್ಕಂತೂ ಆಗ್ಲಿಲ್ಲ” ಎಂದರು.

ಚಿತ್ರವನ್ನು ನಡುಮನೆಯ ಗೋಡೆಗೆ ಒರಗಿಸಿದೆ. ಗಂಗಮ್ಮ ಬಹಳ ಹೊತ್ತು ನೋಡಿದರು. “ಇದಾ ನಿಮ್ ದೊಡ್ಡಮ್ಮ? ನಾನೇನೋ ಅನ್ಕಂಡಿದ್ದೆ. ಲಕ್ಷಣವಾಗವ್ಳೆ” ಎಂದರು. ಅಮ್ಮ ಅವರಿಗೆ ಕಾಫಿ ತಂದವಳು ಅಲ್ಲೇ ಕೂತಳು. ರುದ್ರಪ್ಪ ಬಗ್ಗಿ, ಚಿತ್ರದೊಳಗಿನ ದೊಡ್ಡಮ್ಮನ ಹೊಟ್ಟೆಯ ಮೇಲೆ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು. ಹಾರ್ಡ್‌ಬೋರ್ಡಿನ ಹಿಂದೆ ಗೋಡೆಯವರೆಗೂ ಖಾಲಿ ಜಾಗವಿತ್ತು. ತುಂಬಿದ, ಆಳದ ಒಂದು ಸದ್ದು ಬಂತು. ಇನ್ನೊಮ್ಮೆ ತಟ್ಟಿದರು. ಹೆಂಡತಿಯ ಕಡೆ ತಿರುಗಿ, ಅದೇ ಹಾರ್ಡ್‌ಬೋರ್ಡಿನ ಮೇಲೆ ಎರಡು ಕೈಯಲ್ಲಿ ಟಕ್ಕಟಕ್ ಟಕ್ಕಟಕ್ ಎಂದು ಬಾರಿಸತೊಡಗಿದರು. ಈರುಳ್ಳಿ ಚೀಲದ ಹಾಡು. ಹಾಡುವವರು ಇಲ್ಲದ್ದರಿಂದ ನಾನೇ ಹಾಡಿದೆ, ಕೆಟ್ಟದಾಗಿ. ಗಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕು ನಕ್ಕು, ಆಮೇಲೆ ಕಣ್ಣೊರೆಸಿಕೊಂಡು, “ಈರುಳ್ಳಿ ಘಾಟು” ಎಂದರು.

ಹೊರಡುವ ಮೊದಲು ರುದ್ರಪ್ಪ ಚಿತ್ರವನ್ನು ತಿರುಗಿಸಿ, ಹಾರ್ಡ್‌ಬೋರ್ಡಿನ ಒರಟು ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು: ಫಿಟ್. ಕೆಳಗೆ ಅವರ ಸಹಿ.

“ಇದು ಓಡ್ತದೆ ಬಿಡಿ ಟೀಚರಮ್ಮ” ಎಂದರು.

ಆ ಸೀಮೆಸುಣ್ಣದ ಅಕ್ಷರವನ್ನು ನಲವತ್ತು ವರ್ಷ ಕಾಪಾಡಿದ್ದೆ. ಮದುವೆಯಾಗಿ ಕಡೂರಿಗೆ ಬಂದಾಗ, ಮೂರು ಸಲ ಮನೆ ಬದಲಿಸಿದಾಗ, ಹಿಂಬದಿಗೆ ಯಾರ ಕೈಯೂ ತಾಗದಂತೆ ನಾನೇ ಹೊತ್ತಿದ್ದೆ. ಜೇಡರ ಬಲೆ ಕಟ್ಟಿದರೂ ಒರೆಸಿರಲಿಲ್ಲ. ಹತ್ತು ವರ್ಷದ ಹಿಂದೆ ರುದ್ರಪ್ಪ ತೀರಿಕೊಂಡ ಮೇಲಂತೂ ಆ ಬೆನ್ನೇ ನನಗೆ ಮುಂಭಾಗವಾಗಿತ್ತು. ಕಟ್ಟು ಹಾಕಲು ಕೊಟ್ಟ ದಿನವೂ ಅಂಗಡಿಯವರಿಗೆ, “ಮುಂದೆ ಏನಾದ್ರೂ ಮಾಡಿ, ಹಿಂದೆ ಮುಟ್ಬೇಡಿ” ಎಂದು ಎರಡು ಸಲ ಹೇಳಿದ್ದೆ. ತಲೆಯಾಡಿಸಿದ್ದರು.

ಚೆನ್ನಾಗಿ ಕಾಣಲಿ ಎಂದು ಹಚ್ಚುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಅವರು ಕೆಟ್ಟವರೂ ಅಲ್ಲ. ಕೆಟ್ಟವರಾಗಿದ್ದರೆ ಬೈದು ಸಮಾಧಾನವನ್ನಾದರೂ ಪಡಬಹುದಿತ್ತು.

ಚಿತ್ರವನ್ನು ಮನೆಗೆ ತಂದು ಗೋಡೆಗೆ ಒರಗಿಸಿದೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಗ್ಗಿ ಗೆಣ್ಣಿನಿಂದ ತಟ್ಟಿದೆ. ಡಬ್ ಎಂದಿತು. ಇನ್ನೊಂದು ಕಡೆ ತಟ್ಟಿದೆ. ಅಲ್ಲೂ ಅದೇ. ಮೊಮ್ಮಗಳ ಸ್ಲೇಟಿನ ಪಕ್ಕದಲ್ಲಿ ಬಿದ್ದಿದ್ದ ಸೀಮೆಸುಣ್ಣವನ್ನು ಎತ್ತಿಕೊಂಡು ಚಿತ್ರವನ್ನು ತಿರುಗಿಸಿ, ಕೆಂಪಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಸಿಕ್.

“ಇದನ್ನ ಯಾರೂ ಒರೆಸಂಗಿಲ್ಲ” ಎಂದೆ ಮಗಳಿಗೆ. ಆಮೇಲೆ ಟರ್ಪೆಂಟೈನ್ ಬಾಟಲಿ ಎಲ್ಲಿಟ್ಟಿದ್ದೇನೆ ಎಂದು ಹುಡುಕತೊಡಗಿದೆ. ಇದಕ್ಕಾದರೂ ಇನ್ನೂ ನಂಬರು ಬಿದ್ದಿಲ್ಲ.